'ಕೊಳ್ಳು' ಬಂದಲ್ಲೆಲ್ಲ 'ಸೆಲ್ಫ್' ಹಾಕಿಸಬೇಡಿ

ಕಾಪು ಕಡೆಯ ಟೀಚರ್ ಕೇಳಿದ್ದು ನ್ಯಾಯವಾದ ಪ್ರಶ್ನೆ. ಇಂಗ್ಲಿಷಿನ ಮೈಸೆಲ್ಫ್‌ನಿಂದ ದೆಮ್‌ಸೆಲ್ವ್ಸ್‌ವರೆಗಿನ ಎಂಟು ಸರ್ವನಾಮಗಳ ಚಾರ್ಟನ್ನು ಮೂರನೆಯ ತರಗತಿಯ ಮಕ್ಕಳು ಸರಾಗವಾಗಿ ಒಪ್ಪಿಸುತ್ತಾರೆ, ವಾಕ್ಯ ಬರೆಯುವಾಗ ಮಾತ್ರ ಹಿಮ್ ಎಲ್ಲಿ, ಹಿಮ್‌ಸೆಲ್ಫ್ ಎಲ್ಲಿ ಎಂದು ತಿಳಿಯುವುದಿಲ್ಲ, ಹೇಗೆ ಕಲಿಸುವುದು ಎಂದು. ಆದರೆ ನಾನು ಬರೆಯಲು ಕುಳಿತದ್ದು ಆ ಪ್ರಶ್ನೆಯ ಕೆಳಗೆ ಮಾಸ್ಟ್ರೊಬ್ಬರು ಕೊಟ್ಟ ಸುಲಭೋಪಾಯ ನೋಡಿ: "ಕನ್ನಡದಲ್ಲಿ 'ಕೊಳ್ಳು' ಬಂದರೆ ಇಂಗ್ಲಿಷಿನಲ್ಲಿ ಸೆಲ್ಫ್ ಹಾಕಿಸಿ." ದಯವಿಟ್ಟು ಬೇಡ ಮಾಸ್ಟ್ರೇ. ಆ ದಾರಿಯಲ್ಲಿ ನಾನೂ ಹೋಗಿ ಬಂದವಳು.

ಮೊದಲ ದಿನ ಅದು ಚೆನ್ನಾಗಿಯೇ ನಡೆಯುತ್ತದೆ. 'ಗಾಯ ಮಾಡಿಕೊಂಡ' ಎಂದರೆ 'ಹಿ ಹರ್ಟ್ ಹಿಮ್‌ಸೆಲ್ಫ್', ಸರಿ. ಮರುದಿನದಿಂದ ನೋಟ್‌ಬುಕ್ ತಿದ್ದುವವರ ಪಾಡು ಬೇಡ. ಕುಳಿತುಕೊಂಡೆ: 'ಐ ಸ್ಯಾಟ್ ಮೈಸೆಲ್ಫ್'. ಮಲಗಿಕೊಂಡೆ: 'ಐ ಸ್ಲೆಪ್ಟ್ ಮೈಸೆಲ್ಫ್'. ಕೊಡೆ ತೆಗೆದುಕೊಂಡೆ: 'ಐ ಟುಕ್ ಅಂಬ್ರೆಲ್ಲಾ ಮೈಸೆಲ್ಫ್'. ಮಗುವನ್ನು ಬೈಯುವ ಹಾಗಿಲ್ಲ, ನಾವು ಕೊಟ್ಟ ಸೂತ್ರವನ್ನೇ ಅದು ಚಾಚೂ ತಪ್ಪದೆ ಪಾಲಿಸಿದೆ. ಹಲ್ಲುಜ್ಜಿಕೊಳ್ಳುವುದಕ್ಕೂ ತಲೆ ಬಾಚಿಕೊಳ್ಳುವುದಕ್ಕೂ ಇಂಗ್ಲಿಷಿನಲ್ಲಿ 'ಮೈ ಟೀತ್', 'ಮೈ ಹೇರ್' ಸಾಕು. ಈ ಸೂತ್ರ ಒಮ್ಮೆ ತಲೆಗೆ ಹೊಕ್ಕರೆ ಬಿಡಿಸುವುದು ಕಲಿಸಿದ್ದಕ್ಕಿಂತ ಕಷ್ಟ.

ನನಗೆ ಫಲ ಕೊಟ್ಟದ್ದು ಚೌಕಿ ಆಟ. ಯಕ್ಷಗಾನದ ಚೌಕಿಯಲ್ಲಿ, ಅಂದರೆ ಬಣ್ಣದ ಮನೆಯಲ್ಲಿ, ವೇಷಧಾರಿಗಳು ಕನ್ನಡಿ ಹಿಡಿದು ತಮ್ಮ ಮುಖಕ್ಕೆ ತಾವೇ ಬಣ್ಣ ಬರೆಯುವುದನ್ನು ನಮ್ಮೂರಿನ ಮಕ್ಕಳಿಗೆ ವಿವರಿಸಬೇಕಾಗಿಲ್ಲ. ಇಬ್ಬರು ಹುಡುಗರನ್ನು ಎದುರುಬದುರು ನಿಲ್ಲಿಸಿ. ಒಬ್ಬ ಬೆರಳಿಗೆ ಚಾಕ್ ಪುಡಿ ತಾಗಿಸಿ ಎದುರಿನವನ ಮೂಗಿನ ಮೇಲೆ ಗೆರೆ ಎಳೆಯಲಿ: 'ಹಿ ಪೇಂಟ್ಸ್ ಹಿಮ್'. ಅದೇ ಬೆರಳು ತಿರುಗಿ ತನ್ನ ಮೂಗಿಗೇ ಬರಲಿ: 'ಹಿ ಪೇಂಟ್ಸ್ ಹಿಮ್‌ಸೆಲ್ಫ್'. ಕೇಳಬೇಕಾದ ಪ್ರಶ್ನೆ ಒಂದೇ, ಬಣ್ಣ ಯಾರ ಮೂಗಿನ ಮೇಲಿದೆ? ಹಚ್ಚಿದವನದೇ ಮೂಗಾದರೆ ಸೆಲ್ಫ್. ಆಮೇಲೆ ನೀವು ವಾಕ್ಯ ಹೇಳಿ, ಅವರು ಮಾಡಿ ತೋರಿಸಲಿ. ಹಿಮ್ ಎಂದಾಗ ತನ್ನ ಮೂಗಿಗೇ ಹಚ್ಚಿಕೊಂಡವನನ್ನು ನೀವು ತಿದ್ದುವ ಮೊದಲೇ ಇಡೀ ತರಗತಿ ಕೂಗಿ ತಿದ್ದುತ್ತದೆ. ಕೇಳಿ ಮಾಡುವುದು ಮೊದಲು, ಹೇಳುವುದು ಆಮೇಲೆ, ಬರೆಯುವುದು ಕೊನೆಗೆ. ಚಾರ್ಟ್ ಅದಕ್ಕೂ ಆಚೆಗೆ.

ಮುಖಕ್ಕೆ ಪೌಡರ್ ಬೇಡ, ಎಲ್ಲರೂ ಸೀನಲು ತೊಡಗುತ್ತಾರೆ. ಸ್ಕೆಚ್ ಪೆನ್ ಖಂಡಿತ ಬೇಡ, ಮರುದಿನ ಬೆಳಿಗ್ಗೆ ತಾಯಂದಿರು ಗೇಟಿನಲ್ಲಿರುತ್ತಾರೆ. ಬೋರ್ಡಿಗೆ ಡಸ್ಟ್‌ಲೆಸ್ ಚಾಕನ್ನು ಬಿಟ್ಟು ನಾನು ಬೇರೆ ಮುಟ್ಟುವುದಿಲ್ಲ, ಆದರೆ ಈ ಆಟಕ್ಕೆ ಪುಡಿ ಉದುರುವ ಅಗ್ಗದ ಚಾಕೇ ಆಗಬೇಕು. ಮುಖ ಮುಟ್ಟಿಸಿಕೊಳ್ಳಲು ಇಷ್ಟವಿಲ್ಲದ ಮಗುವಿಗೆ ಅಂಗೈ ಸಾಕು, ಒತ್ತಾಯ ಮಾಡಬೇಡಿ.

ಯುವರ್‌ಸೆಲ್ಫ್, ಯುವರ್‌ಸೆಲ್ವ್ಸ್ ಬಂದಾಗ ಜಾಗ್ರತೆ. 'ಯೂ' ಒಂದೇ ಆದರೂ ಇಲ್ಲಿ ಏಕವಚನ, ಬಹುವಚನ ಬೇರೆಯಾಗುತ್ತವೆ. ನೀನು, ನೀವು ಎಂದು ಹೊಂದಿಸಿದರೆ ಮಕ್ಕಳು ತಕ್ಷಣ ಹಿಡಿಯುತ್ತಾರೆ, ಹಿಡಿದು ನಿಮ್ಮೊಬ್ಬರಿಗೇ ಯುವರ್‌ಸೆಲ್ವ್ಸ್ ಎಂದು ಮರ್ಯಾದೆ ಕೊಡುತ್ತಾರೆ. ಅಜ್ಜನನ್ನೂ ದೆಮ್‌ಸೆಲ್ವ್ಸ್ ಮಾಡುತ್ತಾರೆ. ಗೌರವದ ಬಹುವಚನ ಇಲ್ಲಿ ನಡೆಯುವುದಿಲ್ಲ, ತಲೆ ಎಣಿಸಿ ಎಂದು ಹೇಳಿ. ಹಿಸ್‌ಸೆಲ್ಫ್ ಎಂದು ಬರೆದವರ ಮೇಲೆ ಕೆಂಪು ಪೆನ್ನಿನ ಸಿಟ್ಟು ತೀರಿಸಬೇಡಿ. ಮೈ, ಯುವರ್, ಅವರ್ ಹಾಗೆಯೇ ಹಿಸ್ ಕೂಡ ಬರಬೇಕು ಎಂದು ಯೋಚಿಸಿದ ಮಗು ಜಾಣ ಮಗು. ಇಂಗ್ಲಿಷೇ ಹಿಮ್, ದೆಮ್ ಎಂದು ದಾರಿ ಬದಲಿಸಿದೆ.

ಬೈಯಬೇಕಾದದ್ದು ನಮ್ಮನ್ನು. ಶಾಲಾ ವಾರ್ಷಿಕೋತ್ಸವದ ವೇದಿಕೆಯಲ್ಲಿ ಮೈಕ್ ಹಿಡಿದು 'ಮೈಸೆಲ್ಫ್ ಇಂಥವರು' ಎಂದು ಪರಿಚಯ ಹೇಳಿಕೊಳ್ಳುವವರು ಯಾರು? ಮಕ್ಕಳು ಅಲ್ಲಿಂದಲೇ ಕಲಿಯುತ್ತಾರೆ. 'ಐ ಆಮ್' ಎನ್ನಲು ನಾಲಿಗೆಗೆ ಏನು ಕಷ್ಟ? 'ಐ ಮೈಸೆಲ್ಫ್ ಡಿಡ್ ಇಟ್' ಎಂಬ ಒತ್ತಿನ ಬಳಕೆಯನ್ನು, 'ಬೈ ಹಿಮ್‌ಸೆಲ್ಫ್' ಎಂದರೆ ಒಬ್ಬನೇ ಎಂಬುದನ್ನು ಈ ವರ್ಷ ಮುಟ್ಟಲೇಬೇಡಿ. ಮೂರನ್ನೂ ಒಟ್ಟಿಗೆ ಹೇಳಿದರೆ ಮೂರೂ ಕಲಸಿಹೋಗುತ್ತವೆ.

ಇಂಟರ್‌ನೆಟ್ಟಿನಿಂದ ಇಳಿಸಿದ ಅಭ್ಯಾಸ ಹಾಳೆಗಳ ಮೇಲೆ 'ಗ್ರೇಡ್ 2' ಎಂದು ಕಂಡ ಕೂಡಲೇ ನಮ್ಮ ಎರಡನೆಯ ತರಗತಿಗೆ ಹಂಚುವುದೂ ಬೇಡ. ಅಮೆರಿಕದ ಕಾಮನ್ ಕೋರ್ ಮಾನದಂಡದಲ್ಲಿ ಈ ಸರ್ವನಾಮಗಳು ಎರಡನೆಯ ತರಗತಿಗೇ ಇರುವುದು ನಿಜ, ಆದರೆ ಅಲ್ಲಿನ ಹೆಚ್ಚಿನ ಮಕ್ಕಳು ಮನೆಯಲ್ಲೇ ಇಂಗ್ಲಿಷ್ ಕೇಳಿ ಬಂದವರು. ನಮ್ಮವರು ಮನೆಯಲ್ಲಿ ತುಳುವೋ ಬ್ಯಾರಿಯೋ ಕೊಂಕಣಿಯೋ ಆಡಿ, ಶಾಲೆಗೆ ಬಂದು ಕನ್ನಡ ಓದಿ, ಆಮೇಲೆ ಇಲ್ಲಿಗೆ ತಲುಪುತ್ತಾರೆ. ಹಿಮದಲ್ಲಿ ಜಾರುವ ಹುಡುಗನ ವಾಕ್ಯ ಅವರಿಗೆ ಯಾಕೆ? ಹಳೆಯ ಮದುವೆ ಕಾಗದಗಳ ಖಾಲಿ ಬದಿಯಲ್ಲಿ ನೀವೇ ವಾಕ್ಯ ಬರೆಯಿರಿ, ದಪ್ಪ ಕಾಗದ, ವರ್ಷವಿಡೀ ಬಾಳುತ್ತದೆ. ಗೋಡೆಗೆ ಅಂಟಿಸುವ ಆಸೆ ಬಿಡಿ, ನಮ್ಮ ಮಳೆಗಾಲದ ಗೋಡೆಯಲ್ಲಿ ಯಾವ ಸೆಲ್ಲೋಟೇಪೂ ನಿಲ್ಲುವುದಿಲ್ಲ. ದಾರಕ್ಕೆ ಬಟ್ಟೆ ಕ್ಲಿಪ್ ಹಾಕಿ ತೂಗಿಸಿ.

ಪರೀಕ್ಷೆಗೆ ಬಿಟ್ಟ ಸ್ಥಳ ಕೊಡುವವರು ಇನ್ನೊಂದು ನೋಡಿಕೊಳ್ಳಿ. 'ಶಿ ಸಾ ಡ್ಯಾಶ್ ಇನ್ ದ ಫೋಟೋ' ಎಂದು ಕೊಟ್ಟರೆ ಹರ್‌ಸೆಲ್ಫ್ ಕೂಡ ಸರಿ, ಹಿಮ್ ಕೂಡ ಸರಿ. ಪಕ್ಕದಲ್ಲಿ ಚಿತ್ರ ಹಾಕಿ, ಇಲ್ಲವಾದರೆ ಎರಡಕ್ಕೂ ಅಂಕ ಕೊಡಿ.