ಕೆನಡಾದ ಡೀಫನ್‌ಬೇಕರ್ ಸರೋವರದ ಅಂಚು ನಕ್ಷೆಯಲ್ಲಿ ಅಷ್ಟೊಂದು ಅಂಕುಡೊಂಕು ಏಕೆ?

ಅದು ನೈಸರ್ಗಿಕ ಸರೋವರವಲ್ಲ, ಸಸ್ಕಾಚೆವಾನ್ ಪ್ರಾಂತ್ಯದಲ್ಲಿ 1967ರಲ್ಲಿ ಮುಗಿದ ಗಾರ್ಡಿನರ್ ಅಣೆಕಟ್ಟಿನ ಹಿನ್ನೀರು. ಸುಮಾರು 225 ಕಿ.ಮೀ. ಉದ್ದಕ್ಕೆ ನದಿಕಣಿವೆಯನ್ನೇ ತುಂಬಿಕೊಂಡಿದೆ.

ಆ ಹುಲ್ಲುಗಾವಲು ಸೀಮೆ ಮೇಲ್ನೋಟಕ್ಕೆ ಚಪ್ಪಟೆ. ಆದರೆ ದಕ್ಷಿಣ ಸಸ್ಕಾಚೆವಾನ್ ನದಿ ಆಳವಾದ ಕಣಿವೆ ಕೊರೆದಿತ್ತು, ಮಳೆನೀರು ಕಣಿವೆಯ ಎರಡೂ ಬದಿಗೆ ಕೊರಕಲು ತೋಡಿತ್ತು. ನಿಂತ ನೀರಿನ ಮಟ್ಟ ಎಲ್ಲೆಡೆ ಒಂದೇ. ಹಾಗಾಗಿ ದಡವೆಂದರೆ ಹಳೆಯ ನಕ್ಷೆಯ ಒಂದು ಸಮೋನ್ನತಿ ರೇಖೆ, ಅಂದರೆ ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆ. ಅದು ಪ್ರತಿ ಕೊರಕಲಿನೊಳಗೂ ಹೊಕ್ಕು ಹೊರಬರುತ್ತದೆ. ಬೆರಳುಗಳಂತೆ ಕಾಣುವುದು ಇದೇ.

ಎಲ್ಬೋ ಊರಿನ ಬಳಿ ಇನ್ನೊಂದು ತೋಳು ಪೂರ್ವಕ್ಕೆ ಚಾಚಿದೆ. ಅದು ಹಿಮಯುಗದ ಕರಗುನೀರು ಹರಿದ ಕ್ವಾಪೆಲ್ ಕಣಿವೆ. ನೀರು ಆ ಕಡೆ ಹರಿದುಹೋಗದಿರಲೆಂದೇ ಅಲ್ಲಿ ಎರಡನೆಯ ಅಣೆಕಟ್ಟು ಕಟ್ಟಬೇಕಾಯಿತು.

ಈ ಜಲಾಶಯಕ್ಕಾಗಿ ಕಳೆದುಕೊಂಡದ್ದು ಕಣಿವೆಯ ನೆಲ ಮಾತ್ರವಲ್ಲ. ಅಲ್ಲಿನ ಮೂಲನಿವಾಸಿಗಳಾದ ಕ್ರೀ ಜನರಿಗೆ ಪವಿತ್ರವಾಗಿದ್ದ, ಮುಳುಗಲಿದ್ದ ಸುಮಾರು 400 ಟನ್ನಿನ ಮಿಸ್ಟಸೀನಿ ಬಂಡೆಯನ್ನು ಸಾಗಿಸಲಾಗದೆ 1966ರಲ್ಲಿ ಡೈನಮೈಟ್ ಇಟ್ಟು ಒಡೆದರು. ನಕ್ಷೆ ಇದನ್ನೆಲ್ಲ ಹೇಳುವುದಿಲ್ಲ ಬಿಡಿ.

ಅಂದಹಾಗೆ, ನಕ್ಷೆಯ ನೀಲಿ ಅಂಚು ಸಾಮಾನ್ಯವಾಗಿ ಜಲಾಶಯ ತುಂಬಿದಾಗಿನದು. ಚಳಿಗಾಲದ ಕೊನೆಗೆ ನೀರು ಹಲವು ಮೀಟರ್ ಇಳಿದಿರುತ್ತದೆ, ಆಗಿನ ಉಪಗ್ರಹ ಚಿತ್ರದಲ್ಲಿ ದಡದ ಗೆರೆ ಬೇರೆಯೇ.