ಮಾಟಗಾತಿಯರ ಸಂತೆಗೆ ಹೋಗಬಹುದಾ?

ಪ್ರಶ್ನೆ: ಬರುವ ಆಗಸ್ಟ್‌ನಲ್ಲಿ ನಾನು, ನಮ್ಮ ಯಜಮಾನರು ಬೊಲಿವಿಯಾಕ್ಕೆ ಹೊರಟಿದ್ದೇವೆ. ಲಾ ಪಾಜ್ ನಗರದಲ್ಲಿ ಮಾಟಗಾತಿಯರ ಸಂತೆ ಅಂತ ಇದೆಯಂತೆ, ಅಲ್ಲಿ ಸತ್ತ ಪ್ರಾಣಿಮರಿಗಳನ್ನು ನೇತುಹಾಕಿರುತ್ತಾರಂತೆ. ನೋಡುವ ಆಸೆಯೂ ಇದೆ, ಹೆದರಿಕೆಯೂ ಇದೆ. ಹೋಗಬಹುದಾ?

ಉತ್ತರ: ಖಂಡಿತ ಹೋಗಿ. ಹೆಸರು ಕೇಳಿ ಹೆದರಬೇಡಿ. ಅಲ್ಲಿ ಅಂಗಡಿ ಇಟ್ಟಿರುವವರು ಹೆಚ್ಚಾಗಿ ಐಮಾರಾ ಎಂಬ ಅಲ್ಲಿನ ಮೂಲನಿವಾಸಿ ಜನಾಂಗದ ಹೆಂಗಸರು. ನೆರಿಗೆ ಲಂಗ, ತಲೆ ಮೇಲೆ ದುಂಡು ಟೋಪಿ. ಅವರು ಯಾರಿಗೂ ಮಾಟ ಮಾಡುವವರಲ್ಲ, ಗಿಡಮೂಲಿಕೆ ಮತ್ತು ಪೂಜೆ ಸಾಮಾನು ಮಾರುವವರು. ಒಂದು ರೀತಿಯಲ್ಲಿ ಗ್ರಂಥಿಗೆ ಅಂಗಡಿಗಳೇ ಅನ್ನಿ. ಸ್ಯಾನ್ ಫ್ರಾನ್ಸಿಸ್ಕೊ ಚರ್ಚಿನ ಹಿಂದೆ ಏರು ಹತ್ತಿದರೆ ಲಿನಾರೆಸ್ ಬೀದಿ ಸಿಗುತ್ತದೆ, ಅಲ್ಲೇ ಅಕ್ಕಪಕ್ಕದಲ್ಲಿ ಈ ಅಂಗಡಿಗಳಿವೆ.

ನೀವು ಹೇಳಿದ ಮರಿಗಳು ಲಾಮಾ ಮರಿಗಳು. ಲಾಮಾ ಅಂದರೆ ಆಂಡಿಸ್ ಬೆಟ್ಟಗಳಲ್ಲಿ ಸಾಕುವ, ಒಂಟೆ ಕುಲಕ್ಕೆ ಸೇರಿದ ಉಣ್ಣೆಯ ಪ್ರಾಣಿ. ಗರ್ಭದಲ್ಲೇ ಸತ್ತು ಬಿದ್ದವು, ಇಲ್ಲವೇ ಮಾಂಸಕ್ಕೆಂದು ಕಡಿದ ತಾಯಿಯ ಹೊಟ್ಟೆಯಲ್ಲಿದ್ದವು ಎಂದು ಮಾರುವವರು ಹೇಳುತ್ತಾರೆ. ಒಣಗಿಸಿದ ಈ ಮರಿಗೆ ಐಮಾರಾ ಭಾಷೆಯಲ್ಲಿ ಸುಲ್ಯು ಎಂದು ಹೆಸರು. ಹೊಸ ಮನೆ ಕಟ್ಟುವಾಗ ಅಡಿಪಾಯದಲ್ಲಿ ಇದನ್ನು ಹೂಳುತ್ತಾರೆ. ಭೂಮಿಯನ್ನು ಅಗೆದು ನೋಯಿಸಿದ್ದೇವೆ, ಅದಕ್ಕೆ ಪಾಚಮಾಮಾಗೆ, ಅಂದರೆ ಭೂತಾಯಿಗೆ, ಏನಾದರೂ ಕೊಡಬೇಕು ಎನ್ನುವುದು ಅವರ ನಂಬಿಕೆ. ನಾನು ಹೋದಾಗ ಮೊದಲ ಐದು ನಿಮಿಷ ಆ ಮರಿಗಳ ಕಡೆ ನೋಡಲು ಆಗಿರಲಿಲ್ಲ. ಆಮೇಲೆ ಗಾರೆ ಮೆತ್ತಿದ ಬೂಟು ಹಾಕಿಕೊಂಡಿದ್ದ ಒಬ್ಬ ಮನುಷ್ಯ ಬಂದು, ಎರಡು ಮೂರು ಮರಿ ಎತ್ತಿ ನೋಡಿ, ಒಂದನ್ನು ಕಾಗದದಲ್ಲಿ ಸುತ್ತಿಸಿಕೊಂಡು ಮಗುವಿನ ಹಾಗೆ ಎದೆಗೆ ಒತ್ತಿಕೊಂಡು ಹೋದ. ಆಗ ಹೆದರಿಕೆ ಹೋಯಿತು.

ನೀವು ಆಗಸ್ಟ್‌ನಲ್ಲಿ ಹೋಗುತ್ತಿರುವುದು ಇನ್ನೂ ಒಳ್ಳೆಯದು. ಅದು ಪಾಚಮಾಮಾಳ ತಿಂಗಳು. ಆಗ ಭೂಮಿ ಹಸಿದು ಬಾಯಿ ತೆರೆದಿರುತ್ತಾಳೆ ಅಂತ ಹೇಳುತ್ತಾರೆ. ಅವಳಿಗೆ ಕೊಡುವ ಎಡೆಗೆ ಮೆಸಾ ಎನ್ನುತ್ತಾರೆ. ಅಂಗಡಿಯವಳು ಮೆಸಾ ಜೋಡಿಸುವಾಗ ಬಿಡದೆ ನಿಂತು ನೋಡಿ. ಒಂದು ಹಾಳೆ ಹಾಸುತ್ತಾಳೆ. ಬಣ್ಣದ ಉಣ್ಣೆ, ಮೂಲಿಕೆ, ಲಾಮಾ ಕೊಬ್ಬು, ಕೋಕಾ ಎಲೆ (ಕೊಕೇನ್ ತೆಗೆಯುವ ಗಿಡದ ಎಲೆ) ಇಡುತ್ತಾಳೆ. ಮೇಲೆ ಸಕ್ಕರೆಯ ಬಿಲ್ಲೆಗಳು: ಒಂದರಲ್ಲಿ ಮನೆ, ಇನ್ನೊಂದರಲ್ಲಿ ಕಾರು, ಮತ್ತೊಂದರಲ್ಲಿ ಜೋಡಿ. ಕೊಳ್ಳುವವರಿಗೆ ಏನು ಬೇಕೋ ಆ ಬಿಲ್ಲೆ. ಇದನ್ನು ಬೆಂಕಿಯಲ್ಲಿ ಪೂರ್ತಿ ಸುಟ್ಟು ಬೂದಿಯನ್ನು ಮಣ್ಣಿಗೆ ಸೇರಿಸುತ್ತಾರೆ.

ದಯವಿಟ್ಟು ಕೇಳದೆ ಫೋಟೊ ತೆಗೆಯಬೇಡಿ. ನಾನು ಇದ್ದಾಗಲೇ ಪ್ರವಾಸಿಯೊಬ್ಬ ಸುಲ್ಯು ಎತ್ತಿ ಕೆನ್ನೆಗೆ ಹಿಡಿದು ಸೆಲ್ಫಿ ತೆಗೆದುಕೊಂಡ. ಅಂಗಡಿಯಾಕೆ ಏನೂ ಅನ್ನಲಿಲ್ಲ, ಮುಖ ಬೇರೆ ಕಡೆ ತಿರುಗಿಸಿದರು. ನನಗೆ ತುಂಬಾ ಬೇಜಾರಾಯಿತು. ಮೊದಲು ಏನಾದರೂ ಸಣ್ಣದನ್ನು ಕೊಳ್ಳಿ, "ಕಸೇರಿತಾ" ಅಂತ ಕರೆಯಿರಿ. ಅಲ್ಲಿ ಅಂಗಡಿಯವರೂ ಗಿರಾಕಿಗಳೂ ಒಬ್ಬರನ್ನೊಬ್ಬರು ಪ್ರೀತಿಯಿಂದ ಹಾಗೇ ಕರೆಯುವುದು. ಆಮೇಲೆ "ಪ್ವೇದೊ ಸಕಾರ್ ಉನಾ ಫೋತೊ?" ಎಂದು ಸ್ಪ್ಯಾನಿಷ್‌ನಲ್ಲಿ ಕೇಳಿ, ಅಂದರೆ ಒಂದು ಫೋಟೊ ತೆಗೆಯಬಹುದಾ ಎಂದು. ಬೇಡ ಅಂದರೆ ಬಿಟ್ಟುಬಿಡಿ. ಮೂಲಿಕೆ ಕೊಂಡರೆ "ಯಾಪಾ" ಕೇಳಬಹುದು, ಅಂದರೆ ಕೊಸರು. ನನಗೆ ಒಂದು ಹಿಡಿ ಜಾಸ್ತಿ ಸಿಕ್ಕಿತು!

ಇನ್ನೊಂದು ಮಾತು. ಲಾ ಪಾಜ್ ಸುಮಾರು 3,600 ಮೀಟರ್ ಎತ್ತರದಲ್ಲಿದೆ. ಇಳಿದ ದಿನವೇ ಆ ಏರು ಹತ್ತಬೇಡಿ, ತಲೆ ಸುತ್ತುತ್ತದೆ. ಹೃದಯದ ತೊಂದರೆ ಇದ್ದರೆ ಟಿಕೆಟ್ ಮಾಡುವ ಮೊದಲೇ ಡಾಕ್ಟರ್‌ಗೆ ತೋರಿಸಿ.

ಪ್ರಶ್ನೆ: ಅಲ್ಲಿಂದ ಏನು ತರಬಹುದು? ಅತ್ತೆಯವರ ಮಂಡಿನೋವಿಗೆ ಔಷಧಿ ಸಿಗುತ್ತದಾ?

ಉತ್ತರ: ಸಿಗುತ್ತದೆ, ಆದರೆ ತರಬೇಡಿ. ಅಲ್ಲಿನ ಮೂಲಿಕೆ ವಿದ್ಯೆ ಸಣ್ಣದು ಅಂತ ನಾನು ಹೇಳುತ್ತಿಲ್ಲ. ಕಲ್ಯವಾಯಾ ಎಂಬ ಊರೂರು ತಿರುಗುವ ವೈದ್ಯರ ಪರಂಪರೆ 2008ರಲ್ಲಿ ಯುನೆಸ್ಕೊ ಪಟ್ಟಿ ಸೇರಿದೆ. ಅವರು ಎದುರಿಗೆ ಕೂರಿಸಿಕೊಂಡು, ವಿಚಾರಿಸಿ, ಮದ್ದು ಕೊಡುತ್ತಾರೆ. ಬೀದಿಯಲ್ಲಿ ಸಿಗುವ ಬಣ್ಣದ ಪೊಟ್ಟಣದೊಳಗೆ ಏನಿದೆ ಅಂತ ನಿಮಗೆ ಹೇಗೆ ಗೊತ್ತಾಗಬೇಕು? ಅತ್ತೆಯವರು ಈಗಾಗಲೇ ನುಂಗುತ್ತಿರುವ ಮಾತ್ರೆ ಜೊತೆ ಅದು ಹೇಗೆ ಸೇರುತ್ತದೋ. ಮುನ್ಯಾ ಅಂತ ಪುದೀನದಂಥ ಎಲೆ ಸಿಗುತ್ತದೆ. ಹೊಟ್ಟೆ ಭಾರ ಆದರೆ ಅದರ ಬಿಸಿ ಕಷಾಯ ಅಲ್ಲೇ ಕುಡಿದು ನೋಡಿ, ಚೆನ್ನಾಗಿರುತ್ತದೆ.

ಕೋಕಾ ಎಲೆಯನ್ನಂತೂ ಬ್ಯಾಗಿಗೆ ಹಾಕಲೇಬೇಡಿ, ಟೀ ಪೊಟ್ಟಣವನ್ನೂ ಸಹ. ಬೊಲಿವಿಯಾದಲ್ಲಿ ಅದಕ್ಕೆ 2009ರ ಸಂವಿಧಾನದ ರಕ್ಷಣೆಯೇ ಇದೆ. ಗಡಿ ದಾಟಿದ ಮೇಲೆ ಬಹುತೇಕ ದೇಶಗಳಲ್ಲಿ ಅದು ಅಪರಾಧ, ನಮ್ಮಲ್ಲೂ ಅಷ್ಟೇ. ಒಣಗಿದ ಕಪ್ಪೆ, ಹಕ್ಕಿಯ ಕೊಕ್ಕು, ಗರಿ ಇವೂ ಬೇಡ. ಕಸ್ಟಮ್ಸ್ ತೊಂದರೆ ಒಂದು ಕಡೆ ಇರಲಿ, ಕೊಳ್ಳುವವರು ಜಾಸ್ತಿಯಾದಷ್ಟೂ ಕಾಡಿನಲ್ಲಿ ಹಿಡಿಯುವವರೂ ಜಾಸ್ತಿಯಾಗುತ್ತಾರೆ.

ಬಳಪದ ಕಲ್ಲಿನಲ್ಲಿ ಕೆತ್ತಿದ ಬೆರಳುದ್ದದ ತಾಯತಗಳು ಸಿಗುತ್ತವೆ, ಅವನ್ನು ತನ್ನಿ. ನಾನು ತಂದ ಕಲ್ಲಿನ ಕಪ್ಪೆ ನಾಲ್ಕು ವರ್ಷದಿಂದ ನನ್ನ ಬರೆಯುವ ಮೇಜಿನ ಮೇಲಿದೆ.

ಪ್ರಶ್ನೆ: ಅಲ್ಲಿ ಭವಿಷ್ಯವನ್ನೂ ಹೇಳುತ್ತಾರಂತೆ, ನಿಜವಾ?

ಉತ್ತರ: ಹೌದು. ಯಾತಿರಿ ಅನ್ನುವವರು ಕೋಕಾ ಎಲೆಗಳನ್ನು ಬಟ್ಟೆ ಮೇಲೆ ಚೆಲ್ಲಿ, ಬಿದ್ದ ರೀತಿ ನೋಡಿ ಹೇಳುತ್ತಾರೆ. ಯಾತಿರಿ ಅಂದರೆ ಐಮಾರಾದಲ್ಲಿ ಬಲ್ಲವರು ಎಂದರ್ಥ. ಸ್ಪ್ಯಾನಿಷ್ ಬಲ್ಲವರನ್ನು ಜೊತೆಗೆ ಕರೆದುಕೊಂಡು ಹೋಗಿ, ಎಷ್ಟು ಬೊಲಿವಿಯಾನೊ (ಅಲ್ಲಿನ ಹಣ) ಅಂತ ಕೂರುವ ಮೊದಲೇ ಮಾತಾಡಿಕೊಳ್ಳಿ.