ರಂಗೀನ್ ಮಹಲಿನಲ್ಲಿ ಆರತಕ್ಷತೆ ಮಾಡಬಹುದೇ?

ಪ್ರಶ್ನೆ: ಮಗಳ ಆರತಕ್ಷತೆಯನ್ನು ಬೀದರ ಕೋಟೆಯ ರಂಗೀನ್ ಮಹಲಿನಲ್ಲಿ ಇಟ್ಟುಕೊಳ್ಳಬೇಕೆಂಬುದು ಮಕ್ಕಳ ಆಸೆ. ಮುನ್ನೂರು ಮಂದಿ ಬರಬಹುದು. ಮುಂಗಡ ಕೊಟ್ಟರೆ ಅನುಮತಿಯನ್ನು ತಾವೇ ತರುವುದಾಗಿ ಶಾಮಿಯಾನದವರೊಬ್ಬರು ಹೇಳುತ್ತಿದ್ದಾರೆ. ಅದಾಗದಿದ್ದರೆ ನಮ್ಮೂರಿನ ಹಳೆಯ ವಾಡೆಯೊಂದು ಬಾಡಿಗೆಗೆ ಸಿಗುತ್ತದೆ. ಏನು ಮಾಡಲಿ?
— ಓದುಗರೊಬ್ಬರು, ಬೀದರ

ಉತ್ತರ: ದಯವಿಟ್ಟು ಮುಂಗಡ ಕೊಡಬೇಡಿ. ಬೀದರ ಕೋಟೆಯು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಸಂರಕ್ಷಿತ ಸ್ಮಾರಕ. 1958ರ ಕಾಯ್ದೆಯಡಿ 1959ರಲ್ಲಿ ರೂಪಿಸಿದ ನಿಯಮಗಳ ಪ್ರಕಾರ, ಕೇಂದ್ರ ಸರ್ಕಾರದ ಲಿಖಿತ ಅನುಮತಿಯಿಲ್ಲದೆ ಅಂಥ ಸ್ಮಾರಕದಲ್ಲಿ ಸಭೆ, ಸತ್ಕಾರಕೂಟ, ಮನರಂಜನೆ ಯಾವುದನ್ನೂ ನಡೆಸುವಂತಿಲ್ಲ. ಪರಂಪರೆಯಿಂದ ನಡೆದುಬಂದ ಧಾರ್ಮಿಕ ಆಚರಣೆಗೆ ಮಾತ್ರ ಇದರಿಂದ ವಿನಾಯಿತಿಯಿದೆ; ಆರತಕ್ಷತೆ ಅದರಲ್ಲಿ ಸೇರದು. ಅನುಮತಿ ಕೇಳುವುದಾದರೂ ಇಲಾಖೆಗೆ ನೀವೇ ಅರ್ಜಿ ಬರೆಯಬೇಕೇ ಹೊರತು ಶಾಮಿಯಾನದವರ ಮಾತನ್ನು ನಂಬಿ ಪತ್ರಿಕೆ ಅಚ್ಚು ಹಾಕಿಸಬಾರದು.

ನನ್ನನ್ನು ಕೇಳಿದರೆ ಅರ್ಜಿಯನ್ನೂ ಹಾಕಬೇಡಿ. ಒಮ್ಮೆ ಮಕ್ಕಳನ್ನು ಕರೆದುಕೊಂಡು ಹೋಗಿ ಆ ಮಹಲನ್ನು ನಿಧಾನವಾಗಿ ನೋಡಿ. 1542ರಿಂದ 1580ರವರೆಗೆ ಆಳಿದ ಅಲಿ ಬರೀದ್ ಷಾನ ಕಾಲದ ಕುಶಲಕರ್ಮಿಗಳು ಕಪ್ಪು ಕಲ್ಲಿನಲ್ಲಿ ಬಳ್ಳಿಗಳನ್ನು ಕೊರೆದು, ಆ ಗೆರೆಗಳೊಳಗೆ ಮುತ್ತಿನ ಚಿಪ್ಪಿನ ತುಣುಕುಗಳನ್ನು ಕೂರಿಸಿದ್ದಾರೆ. ಕಪ್ಪು ಲೋಹದಲ್ಲಿ ಬೆಳ್ಳಿಯ ಎಳೆ ಕೂರಿಸುವ ನಮ್ಮ ಬಿದರಿ ಕೆಲಸವನ್ನು ಕಂಡವರಿಗೆ ಆ ಕಪ್ಪು-ಬಿಳುಪಿನ ಸೊಗಸು ತಮ್ಮ ಮನೆಯದೇ ಎನಿಸುತ್ತದೆ. ಹಜಾರದ ಕಂಬಗಳು ಕೆತ್ತನೆಯ ಮರದವು. ಹೂಮಾಲೆಗೆಂದು ಬಿಗಿದ ಹಗ್ಗ, ದೀಪಗಳ ಕಾವು, ನೂಕುನುಗ್ಗಲಿನಲ್ಲಿ ಗೋಡೆಗೆ ಒರಗುವ ಭುಜಗಳು: ಇಷ್ಟೇ ಸಾಕು, ಒಂದು ಚಿಪ್ಪು ಉದುರಲು. ಉದುರಿದ್ದನ್ನು ಅದೇ ಕೈ ಮತ್ತೆ ಕೂರಿಸಲಾರದು.

ವಾಡೆಯ ವಿಚಾರವೇ ಒಳ್ಳೆಯದು. ಅದು ರಾಜ್ಯ ಸರ್ಕಾರದ ಸಂರಕ್ಷಿತ ಸ್ಮಾರಕವೇ ಎಂಬುದನ್ನು ಮೊದಲು ವಿಚಾರಿಸಿಕೊಳ್ಳಿ. ಅಲ್ಲವೆಂದಾದರೆ, ಇಂಥ ಆಸ್ತಿ ಎಷ್ಟೋ ಕಡೆ ಅಣ್ಣತಮ್ಮಂದಿರ ನಡುವೆ ಪಾಲಾಗದೆ ಉಳಿದಿರುವುದರಿಂದ, ಹಕ್ಕುದಾರರೆಲ್ಲರ ಸಹಿಯಿರುವ ಕರಾರು ಮಾಡಿಸಿಕೊಳ್ಳಿ. ಒಬ್ಬರ ಬಾಯಿಮಾತು ಸಾಲದು. ಮಣ್ಣಿನ ಮಾಳಿಗೆಯಾಗಿದ್ದರೆ ತೊಲೆ-ಜಂತಿಗಳು ಗೋಡೆಯೊಳಗೆ ಸೇರುವ ಜಾಗದಲ್ಲಿ ಗೆದ್ದಲು ಹಿಡಿದಿದೆಯೇ ಎಂದು ಅನುಭವಿ ಬಡಗಿಯಿಂದ ನೋಡಿಸಿ. ಫೋಟೋಕ್ಕೆಂದು ಯಾರನ್ನೂ ಮಾಳಿಗೆಗೆ ಹತ್ತಿಸಬೇಡಿ. ಊಟ ಅಂಗಳದಲ್ಲಿರಲಿ, ಅಡುಗೆಯ ಒಲೆ ವಾಡೆಯ ಹೊರಗಿರಲಿ. ಹಳೆಯ ವೈರಿಂಗಿನ ಮೇಲೆ ಭಾರ ಹಾಕದೆ ದೀಪಗಳಿಗೆ ಜನರೇಟರ್ ತರಿಸಿ.